ಆರ್ಮಡಿಲೊ ತೋಡಿದ ಬಿಲದಲ್ಲಿ ಯಾರೆಲ್ಲ ಇರುತ್ತಾರೆ?

ಪ್ರಶ್ನೆ: ನನ್ನ ಮಗ ಉದ್ಯೋಗದ ನಿಮಿತ್ತ ಬ್ರೆಜಿಲ್‌ನ ರಾಜಧಾನಿ ಬ್ರೆಸಿಲಿಯಾದಲ್ಲಿದ್ದಾನೆ. ಊರಾಚೆಯ ಹುಲ್ಲುಬಯಲಿನ ಮಣ್ಣುರಸ್ತೆಯಲ್ಲಿ ಮಟಮಟ ಮಧ್ಯಾಹ್ನ ಓಡುತ್ತಿದ್ದ ಒಂದು ಪ್ರಾಣಿಯ ವಿಡಿಯೊ ಕಳಿಸಿದ್ದಾನೆ. ಹಳದಿ ಕಂದು ಮೈ, ಬೆನ್ನ ಮೇಲೆ ಪಟ್ಟಿಪಟ್ಟಿಯಾದ ಚಿಪ್ಪು. ಆರ್ಮಡಿಲೊ ಅಂತೆ. ಇದು ನಮ್ಮ ಚಿಪ್ಪುಹಂದಿಯ ಬಂಧುವೇ? ಪ್ರತಿ ವರ್ಷ ಬೆಂಕಿ ಬಿದ್ದು ಕರಕಲಾಗುವ ಆ ಬಯಲಿನಲ್ಲಿ ಅದು ಹೇಗೆ ಬದುಕುತ್ತದೆ? ಹೊಲ ಹಾಳುಮಾಡುತ್ತದೆ, ಮುಟ್ಟಿದರೆ ಕುಷ್ಠರೋಗ ಬರುತ್ತದೆ ಎಂದು ಅಲ್ಲಿಯ ಜನ ಹೇಳಿದರಂತೆ. ನಿಜವೇ? ಅದರಿಂದ ಆ ನೆಲಕ್ಕೆ ಏನಾದರೂ ಉಪಯೋಗವಿದೆಯೇ?
— ಓದುಗರು, ಗದಗ

ಉತ್ತರ: ನಿಮ್ಮ ಮಗ ಕಂಡದ್ದು ಬಹುಮಟ್ಟಿಗೆ ಆರು ಪಟ್ಟಿಯ ಆರ್ಮಡಿಲೊ. ಅಲ್ಲಿಯ ಜನ ಅದನ್ನು ತಾತು-ಪೆಬಾ ಎನ್ನುತ್ತಾರೆ. ನೀವು ಬರೆದಿರುವ ಮೈಬಣ್ಣ, ಬಯಲು ಜಾಗ, ಮಧ್ಯಾಹ್ನದ ಹೊತ್ತು, ಈ ಮೂರೂ ಅದನ್ನೇ ಸೂಚಿಸುತ್ತವೆ. ಆ ಸೀಮೆಯ ಉಳಿದ ಆರ್ಮಡಿಲೊಗಳಲ್ಲಿ ಹೆಚ್ಚಿನವು ಕತ್ತಲಾದ ಮೇಲೆ ಹೊರಬರುವಂಥವು. ಇದು ಮಾತ್ರ ಹಗಲಲ್ಲೇ ಅಂಜಿಕೆಯಿಲ್ಲದೆ ಓಡಾಡುತ್ತದೆ. ವಿಡಿಯೊವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಬೆನ್ನಿನ ಪಟ್ಟಿಗಳ ನಡುವಿನಿಂದ ಉದ್ದನೆಯ ವಿರಳ ಕೂದಲು ಹೊರಬಂದಿದ್ದರೆ, ತಲೆಯ ಮೇಲೂ ಚಪ್ಪಟೆಯಾದ ಚಿಪ್ಪಿನ ಹೊದಿಕೆ ಇದ್ದರೆ ಸಂಶಯ ಬೇಡ. ಸಾಮಾನ್ಯವಾಗಿ ಮೂರರಿಂದ ಆರು ಕಿಲೊ ತೂಗುವ ಈ ಪ್ರಾಣಿಗೆ ಊಟದ ವಿಷಯದಲ್ಲಿ ಹಟವಿಲ್ಲ. ಹಣ್ಣು, ಗೆಡ್ಡೆ, ಹುಳು, ಇರುವೆ, ಸತ್ತ ಪ್ರಾಣಿಯ ಮಾಂಸ, ಯಾವುದಾದರೂ ಆದೀತು.

ಚಿಪ್ಪುಹಂದಿಗೂ ಇದಕ್ಕೂ ರಕ್ತಸಂಬಂಧವಿಲ್ಲ. ಇಬ್ಬರ ಮೈಯನ್ನೂ ಹತ್ತಿರದಿಂದ ನೋಡಿದರೆ ಇದು ಗೊತ್ತಾಗುತ್ತದೆ. ಚಿಪ್ಪುಹಂದಿಯದು ಒಂದರ ಮೇಲೊಂದು ಹೊದಿಸಿದ ಬಿಡಿ ಹುರುಪೆಗಳು. ಅವು ನಮ್ಮ ಉಗುರಿನಲ್ಲಿರುವ ಕೆರಾಟಿನ್ ಎಂಬ ವಸ್ತುವಿನಿಂದಲೇ ಆದವು, ಒಳಗೆ ಮೂಳೆಯಿಲ್ಲ. ಆರ್ಮಡಿಲೊದ ಚಿಪ್ಪು ನಿಜವಾದ ಮೂಳೆ. ಚರ್ಮದೊಳಗೇ ಹುಟ್ಟುವ ಸಣ್ಣ ಮೂಳೆಬಿಲ್ಲೆಗಳು ಒಂದಕ್ಕೊಂದು ಹೊಂದಿಕೊಂಡು, ಮೇಲೆ ಕೆರಾಟಿನ್ನಿನ ತೆಳು ಪದರ ಹೊದ್ದಿರುತ್ತವೆ. ಭುಜದ ಮೇಲೆ ಮತ್ತು ಹಿಂಭಾಗದ ಮೇಲೆ ಗಟ್ಟಿ ಫಲಕಗಳು, ನಡುವೆ ಬಾಗಲು ಅನುವಾಗುವ ಪಟ್ಟಿಗಳು. ಚಿಪ್ಪುಹಂದಿಗೆ ಹಲ್ಲೇ ಇಲ್ಲ. ಆರ್ಮಡಿಲೊಗೆ ಇದೆ, ಆದರೆ ಎನಾಮೆಲ್ ಇಲ್ಲದ ಗೂಟದಾಕಾರದ ಹಲ್ಲುಗಳು. ವಂಶಾವಳಿಯಲ್ಲಿ ಚಿಪ್ಪುಹಂದಿಯ ಹತ್ತಿರದ ನೆಂಟರು ಬೆಕ್ಕು, ನಾಯಿಗಳಂಥ ಮಾಂಸಾಹಾರಿಗಳು. ಆರ್ಮಡಿಲೊದ ನೆಂಟರು ದಕ್ಷಿಣ ಅಮೆರಿಕದ ಸ್ಲಾತ್ ಮತ್ತು ಇರುವೆಭಕ್ಷಕಗಳು. ಇರುವೆ, ಗೆದ್ದಲನ್ನು ಅಗೆದು ತಿನ್ನುವ ಬದುಕು ಎರಡು ಬೇರೆ ವಂಶಗಳಿಗೆ ಎರಡು ಬೇರೆ ಖಂಡಗಳಲ್ಲಿ ಬಲವಾದ ಉಗುರು, ಉದ್ದ ನಾಲಗೆ, ಗಡುಸು ಮೈ ಕೊಟ್ಟಿತು.

ದಕ್ಷಿಣ ಅಮೆರಿಕ ಕೋಟ್ಯಂತರ ವರ್ಷ ಸುತ್ತಲೂ ಸಮುದ್ರವಿದ್ದ ಒಂಟಿ ಖಂಡವಾಗಿತ್ತು. ಆರ್ಮಡಿಲೊಗಳು ಅಲ್ಲಿಯೇ ವಿಕಾಸಗೊಂಡವು. ಸುಮಾರು 30 ಲಕ್ಷ ವರ್ಷಗಳ ಹಿಂದೆ ಪನಾಮಾದ ನೆಲ ಎದ್ದು ಎರಡು ಅಮೆರಿಕಗಳು ಕೂಡಿದಾಗ ಕೆಲವು ಉತ್ತರಕ್ಕೂ ನಡೆದವು. ಅವುಗಳ ಬಳಗದಲ್ಲಿ ಒಂದೂವರೆ ಟನ್ ತೂಗುವವೂ ಇದ್ದವು. ಗ್ಲಿಪ್ಟೊಡಾನ್‌ಗಳೆಂಬ ಆ ಭಾರೀ ಚಿಪ್ಪಿನ ಪ್ರಾಣಿಗಳು ಆರ್ಮಡಿಲೊಗಳ ಕವಲೇ ಎಂಬುದು 2016ರಲ್ಲಿ ಪಳೆಯುಳಿಕೆಯಿಂದ ತೆಗೆದ ಡಿಎನ್‌ಎಯಿಂದ ಖಚಿತವಾಯಿತು. ಇಂದು ಉಳಿದಿರುವ ಆರ್ಮಡಿಲೊಗಳು ಇಪ್ಪತ್ತಕ್ಕೂ ಹೆಚ್ಚು ಬಗೆಯವು. ಅಮೆರಿಕ ಖಂಡಗಳಾಚೆ ಅವು ಎಲ್ಲಿಯೂ ಕಾಡುಪ್ರಾಣಿಗಳಾಗಿ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಆರ್ಮಡಿಲೊವನ್ನು ಬದುಕಿಸುವುದು ಚಿಪ್ಪು ಎಂದೇ ಎಲ್ಲರೂ ಭಾವಿಸುತ್ತಾರೆ. ಆದರೆ ಜಾಗ್ವಾರ್ ಎಂಬ ಅಲ್ಲಿಯ ದೊಡ್ಡ ಕಾಡುಬೆಕ್ಕು ಆ ಚಿಪ್ಪನ್ನು ಕಚ್ಚಿ ಒಡೆಯಬಲ್ಲದು. ಮೈಯನ್ನು ಪೂರ್ತಿ ಚೆಂಡಾಗಿ ಸುತ್ತಿಕೊಳ್ಳುವ ವಿದ್ಯೆ ಮೂರು ಪಟ್ಟಿಯ ಎರಡು ಜಾತಿಗಳಿಗೆ ಮಾತ್ರ ಗೊತ್ತು. ಉಳಿದವುಗಳ ಹೊಟ್ಟೆಯ ಭಾಗ ಮೆತ್ತಗೆ, ಬರಿದು. ಅದೂ ಅಲ್ಲದೆ ಚಿಪ್ಪು ಬಯಲಿನಲ್ಲಿ ತೊಡಕೂ ಹೌದು. ದಟ್ಟ ತುಪ್ಪಳವಿಲ್ಲದ ಮೈ ಬಿಸಿಲಿಗೆ ಬೇಗ ಕಾಯುತ್ತದೆ, ಚಳಿಗೆ ಬೇಗ ಆರುತ್ತದೆ. ಮೇಲಾಗಿ ಆರ್ಮಡಿಲೊಗಳ ಚಯಾಪಚಯ ಅಷ್ಟೇ ತೂಕದ ಇತರ ಸಸ್ತನಿಗಳಿಗಿಂತ ಬಹಳ ನಿಧಾನ. ಗೆದ್ದಲು, ಇರುವೆಗಳಲ್ಲಿ ಸಿಗುವ ಶಕ್ತಿ ಕಡಿಮೆ, ತಿನ್ನುವಾಗ ಮಣ್ಣೂ ಹೊಟ್ಟೆ ಸೇರುತ್ತದೆ. ಅಂಥ ಊಟದಲ್ಲಿ ಬದುಕಬೇಕಾದರೆ ಒಳಗಿನ ಒಲೆ ಸಣ್ಣದಾಗಿ ಉರಿಯಲೇಬೇಕು. ಹೀಗಿರುವ ಪ್ರಾಣಿ ನಡುಹಗಲಿನ ಝಳವನ್ನೂ ಅಲ್ಲಿಯ ಚಳಿಗಾಲವಾದ ಜೂನ್, ಜುಲೈ ರಾತ್ರಿಗಳ ಥಂಡಿಯನ್ನೂ ಬಯಲಿನಲ್ಲಿ ಹೇಗೆ ತಾಳಿಕೊಳ್ಳುತ್ತದೆ? ನೆಲದೊಳಗೆ ಇಳಿದು. ಅದರ ಶಕ್ತಿಯೆಲ್ಲ ಅಗೆತದಲ್ಲಿದೆ. ಮುಂಗೈಯ ಮೊಣಕೈ ಮೂಳೆ ಹಿಂದಕ್ಕೆ ಉದ್ದವಾಗಿ ಚಾಚಿ ಸನ್ನೆಕೋಲಾಗಿ ಕೆಲಸ ಮಾಡುತ್ತದೆ. ಬೆನ್ನುಮೂಳೆಯ ಹಿಂಭಾಗದಲ್ಲಿರುವ ಹೆಚ್ಚುವರಿ ಕೀಲುಗಳು ಅಗೆಯುವಾಗ ನಡುವನ್ನು ಬಿಗಿಯಾಗಿ ಹಿಡಿಯುತ್ತವೆ.

ಈ ಅಗೆತದ ಕೌಶಲ ತುತ್ತತುದಿ ಮುಟ್ಟಿರುವುದು ದೈತ್ಯ ಆರ್ಮಡಿಲೊದಲ್ಲಿ. ಅಲ್ಲಿಯ ಹೆಸರು ತಾತು-ಕನಾಸ್ತ್ರಾ. ಮೂತಿಯಿಂದ ಬಾಲದ ತುದಿಯವರೆಗೆ ಒಂದೂವರೆ ಮೀಟರ್, ತೂಕ 30ರಿಂದ 50 ಕಿಲೊ. ಮುಂಗಾಲಿನ ನಡುಬೆರಳಿನ ಉಗುರೊಂದೇ ಸುಮಾರು 20 ಸೆಂಟಿಮೀಟರ್ ಇರುತ್ತದೆ. ಬಾಯಲ್ಲಿ ಎಂಬತ್ತರಿಂದ ನೂರು ಪುಟ್ಟ ಹಲ್ಲುಗಳು. ವೆನೆಜುವೆಲಾದಿಂದ ಉತ್ತರ ಅರ್ಜೆಂಟೀನಾದವರೆಗೆ, ಆಂಡಿಸ್ ಪರ್ವತಗಳ ಪೂರ್ವಕ್ಕೆ ಹರಡಿಕೊಂಡಿದ್ದರೂ ಇದನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ಜೀವಮಾನವೆಲ್ಲ ಅಲ್ಲೇ ದನ ಮೇಯಿಸಿದವರಲ್ಲೂ ಎಷ್ಟೋ ಮಂದಿ ಇದರ ಬಿಲ ಮಾತ್ರ ನೋಡಿರುತ್ತಾರೆ. ಇದು ಹೊರಬರುವುದೇ ರಾತ್ರಿ ಗಾಢವಾದ ಮೇಲೆ.

ಆರ್ನೊ ಡೆಬಿಯೆ ಎಂಬ ಪ್ರಾಣಿವಿಜ್ಞಾನಿ ಮತ್ತು ಅವರ ತಂಡ 2010ರಿಂದ ಈ ಪ್ರಾಣಿಯ ಹಿಂದೆ ಬಿದ್ದಿದೆ. ಬ್ರೆಜಿಲ್‌ನ ಪಾಂಟನಾಲ್ ಎಂಬ ಜೌಗುಸೀಮೆಯಲ್ಲಿ ಹುಲ್ಲುಗಾವಲು, ಕುರುಚಲು ಸವನ್ನಾ, ಅಡವಿಯ ತುಣುಕುಗಳು ಕಲೆತು ಹೋದ ನ್ಯೆಕೊಲಾಂಡಿಯಾ ಎಂಬ ಭಾಗವಿದೆ. ಅಲ್ಲಿಯ ದನಗಳ ಎಸ್ಟೇಟ್ ಒಂದರಲ್ಲಿ ತಂಡ ನೆಲೆ ಮಾಡಿಕೊಂಡಿತು. ಕಣ್ಣಿಗೆ ಬೀಳದ ಪ್ರಾಣಿಯನ್ನು ಹುಡುಕಿ ಅಲೆಯುವ ಬದಲು ಬಿಲಗಳ ಬಾಯಿಗೆ ಕ್ಯಾಮೆರಾ ಇಟ್ಟರು. ಕಾಡಿನ ಅಧ್ಯಯನದಲ್ಲಿ ಇಷ್ಟು ಸರಳವಾದ, ಇಷ್ಟು ಫಲಕೊಟ್ಟ ನಿರ್ಧಾರ ವಿರಳ ಎಂದು ನನ್ನ ಅನಿಸಿಕೆ.

ಬಿಲದ ಬಾಯಿ ಸುಮಾರು 40 ಸೆಂಟಿಮೀಟರ್ ಅಗಲ, ಉದ್ದ ಐದು ಮೀಟರ್‌ವರೆಗೂ ಹೋಗುತ್ತದೆ. ಹೊರಗೆ ತಾಪಮಾನ ಹತ್ತು ಡಿಗ್ರಿಗೆ ಇಳಿಯಲಿ, ನಲವತ್ತಕ್ಕೆ ಏರಲಿ, ಬಿಲದೊಳಗೆ ಸುಮಾರು 24–25 ಡಿಗ್ರಿಯಲ್ಲೇ ನಿಂತಿರುತ್ತದೆ. ನಿಮ್ಮ ಕಡೆಯ ಹಳೆಯ ಮನೆಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು ವರ್ಷವಿಡೀ ಒಂದೇ ಹದದಲ್ಲಿ ಇರುತ್ತಿದ್ದುದು ನೆನಪಿದ್ದರೆ ಇದರ ಮಹತ್ವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ದೈತ್ಯ ಆರ್ಮಡಿಲೊ ಒಂದೇ ಬಿಲದಲ್ಲಿ ನೆಲೆಯೂರುವುದಿಲ್ಲ. ಕೆಲವೇ ರಾತ್ರಿ ಕಳೆದು ಮುಂದೆ ಹೋಗಿ ಇನ್ನೊಂದು ತೋಡುತ್ತದೆ. ಬಿಟ್ಟುಹೋದ ಬಿಲಗಳು ಖಾಲಿ ಉಳಿಯುವುದಿಲ್ಲ. ಡೆಬಿಯೆ ಮತ್ತು ಅವರ ಸಹೋದ್ಯೋಗಿ ಪಶುವೈದ್ಯ ಡ್ಯಾನಿಲೊ ಕ್ಲೂಬರ್ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಕನಿಷ್ಠ 24 ಜಾತಿಯ ಕಶೇರುಕ ಪ್ರಾಣಿಗಳು ಆ ಬಿಲಗಳನ್ನು ಬಳಸಿದ್ದವು.

ಆ ಪ್ರಾಣಿಗಳು ಬಿಲವನ್ನು ಬಳಸುವ ಬಗೆ ಒಂದೊಂದರದೂ ಬೇರೆ. ಮರವೇರಬಲ್ಲ ಸಣ್ಣ ಇರುವೆಭಕ್ಷಕ ತಮಾಂಡುವಾ ಒಳಹೊಕ್ಕು ಮಲಗುತ್ತದೆ. ಒಸೆಲಾಟ್ ಎಂಬ ಚುಕ್ಕೆಗಳ ಕಾಡುಬೆಕ್ಕು ಒಳಗೆ ತಲೆಹಾಕಿ ಹೋಗುತ್ತದೆ. ಟೆಗು ಎಂಬ ದೊಡ್ಡ ಹಲ್ಲಿ ಬಂದು ಹೋಗುತ್ತದೆ. ನಿಮ್ಮ ಮಗ ಕಂಡ ಆರು ಪಟ್ಟಿಯ ಆರ್ಮಡಿಲೊ ಕೂಡ, ತಾನೇ ಅಗೆಯಬಲ್ಲದಾದರೂ, ದೊಡ್ಡಣ್ಣನ ಬಿಲಕ್ಕೆ ನುಗ್ಗುತ್ತದೆ. ಇನ್ನು ಬಿಲದ ಮುಂದೆ ಬಿದ್ದಿರುವ ಮರಳಿನ ದಿಬ್ಬದ ಕಥೆಯೇ ಬೇರೆ. ಆಳದಿಂದ ಮೇಲೆ ಬಂದ ಆ ಮರಳು ತಂಪಾಗಿ, ಸಡಿಲವಾಗಿ ಇರುತ್ತದೆ. ಪೆಕರಿ ಹಂದಿಗಳು ಅಲ್ಲಿ ಹೊರಳಾಡುತ್ತವೆ. ಇನ್ನೂರು ಕಿಲೊ ತೂಗುವ ಟ್ಯಾಪಿರ್ ಬಿಲದೊಳಗೆ ಹೋಗಲಾರದು, ಆದರೆ ದಿಬ್ಬದ ಮೇಲೆ ಮೈಚಾಚುತ್ತದೆ. ಇದರಿಂದ ನೆಲಕ್ಕೆ ಏನು ಉಪಯೋಗ ಎಂದು ಕೇಳಿದಿರಲ್ಲ, ನಾನು ಮೊದಲು ತೋರಿಸುವುದು ಇದನ್ನೇ. ಐದು ಮೀಟರ್ ಬಿಲ ಕೊರೆಯುವ ತಾಕತ್ತು ಆ ಸೀಮೆಯಲ್ಲಿ ಬೇರೆ ಯಾವ ಪ್ರಾಣಿಗೂ ಇಲ್ಲ. ಅದು ಇಲ್ಲವಾದ ಕಡೆ ಅಂಥ ಬಿಲವನ್ನು ಇನ್ನಾರೂ ತೋಡಿಕೊಡುವುದಿಲ್ಲ.

ಬೆಂಕಿಯ ಮಾತಿಗೂ ಬಿಲವೇ ಉತ್ತರ. ಬ್ರೆಸಿಲಿಯಾ ಇರುವುದು ಸೆರಾಡೊ ಎಂಬ ಮಹಾ ಸವನ್ನಾದಲ್ಲಿ. ಹುಲ್ಲಿನ ನಡುವೆ ಸೊಟ್ಟಗೆ ಬೆಳೆದ, ದಪ್ಪ ತೊಗಟೆಯ ಮರಗಳು ಚದುರಿ ನಿಂತ ಸುಮಾರು 20 ಲಕ್ಷ ಚದರ ಕಿಲೊಮೀಟರ್ ನೆಲ ಅದು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಳೆ, ಆಮೇಲೆ ಒಣಕಾಲ. ಅಲ್ಲಿಯ ಗಿಡಮರ, ಹುಲ್ಲು ಬೆಂಕಿಯ ಜೊತೆಗೇ ವಿಕಾಸಗೊಂಡಿವೆ. ಒಣಹುಲ್ಲಿನ ಬೆಂಕಿ ರಭಸವಾಗಿ ಬಂದು ರಭಸವಾಗಿ ದಾಟಿಹೋಗುತ್ತದೆ. ಮೇಲೆ ಜ್ವಾಲೆ ನೂರಾರು ಡಿಗ್ರಿ ಇದ್ದರೂ ಐದು ಸೆಂಟಿಮೀಟರ್ ಕೆಳಗೆ ಮಣ್ಣು ಕೆಲವೇ ಡಿಗ್ರಿ ಬಿಸಿಯೇರುತ್ತದೆ. ಮೀಟರ್‌ಗಟ್ಟಲೆ ಆಳದಲ್ಲಿ ಮಲಗಿದ ಆರ್ಮಡಿಲೊಗೆ ಜ್ವಾಲೆ ತಾಗುವುದಿಲ್ಲ. ಅದೇ ಬಯಲಿನ ದೊಡ್ಡ ಇರುವೆಭಕ್ಷಕಕ್ಕೆ ಬಿಲವಿಲ್ಲ. ಉದ್ದ ಕೂದಲಿನ ಆ ಪ್ರಾಣಿ ಇಂಥ ಬೆಂಕಿಗಳಲ್ಲಿ ದಾರುಣವಾಗಿ ಸಾಯುತ್ತದೆ. ಹಿಂದೆ ಮಳೆಗಾಲದ ಆರಂಭದ ಸಿಡಿಲಿನಿಂದ ಹತ್ತಿಕೊಂಡ ಬೆಂಕಿಯನ್ನು ಹಿಂದೆಯೇ ಬಂದ ಮಳೆ ಆರಿಸುತ್ತಿತ್ತು. ಈಗ ಹೆಚ್ಚಿನವು ಕಡು ಒಣಕಾಲದಲ್ಲಿ ಮನುಷ್ಯರು ಹಚ್ಚಿದವು, ದಿನಗಟ್ಟಲೆ ಉರಿಯುತ್ತವೆ. 2020ರಲ್ಲಿ ಪಾಂಟನಾಲ್‌ನ ಕಾಲು ಭಾಗಕ್ಕೂ ಹೆಚ್ಚು ಸುಟ್ಟುಹೋಯಿತು. ಆ ಬೆಂಕಿಗಳಲ್ಲಿ ನೇರವಾಗಿ ಸತ್ತ ಕಶೇರುಕ ಪ್ರಾಣಿಗಳೇ ಸುಮಾರು 1.7 ಕೋಟಿ ಎಂದು ವಿಜ್ಞಾನಿಗಳು ಅಂದಾಜಿಸಿದರು. ಬಿಲ ಜ್ವಾಲೆಯಿಂದ ಕಾಪಾಡುತ್ತದೆ, ಮರುದಿನ ಆಸರೆಯಿಲ್ಲದ ಬೂದಿಯ ಬಯಲಿನಲ್ಲಿ ಮೇವು ಹುಡುಕುವ ಕಷ್ಟದಿಂದ ಕಾಪಾಡಲಾರದು.

ಸೆರಾಡೊದ ಗೆದ್ದಲಿನ ಹುತ್ತಗಳನ್ನು ನೋಡದೆ ಆ ಬಯಲನ್ನು ನೋಡಿದಂತಾಗುವುದಿಲ್ಲ. ಗೋಯಾಸ್ ರಾಜ್ಯದ ಏಮಾಸ್ ರಾಷ್ಟ್ರೀಯ ಉದ್ಯಾನದಲ್ಲಿ ಕಣ್ಣು ಹಾಯುವವರೆಗೂ ಹುತ್ತಗಳೇ. ಮಳೆಗಾಲ ಶುರುವಾದಾಗ ಅವುಗಳ ಮೇಲ್ಮೈಯಲ್ಲಿ ಬೀಡುಬಿಟ್ಟ ಒಂದು ಜಾತಿಯ ಜೀರುಂಡೆಯ ಮರಿಹುಳುಗಳು ರಾತ್ರಿಯಲ್ಲಿ ಹಸಿರಾಗಿ ಮಿನುಗುತ್ತವೆ. ನಿಮ್ಮ ಮಗನಿಗೆ ರಜೆ ಸಿಕ್ಕರೆ ಆ ದೃಶ್ಯ ತಪ್ಪಿಸಿಕೊಳ್ಳಬಾರದು ಎಂದು ದಯವಿಟ್ಟು ಹೇಳಿ. ಹುತ್ತಗಳಿದ್ದರೆ ಆರ್ಮಡಿಲೊಗಳಿಗೆ ಊಟವಿದೆ. ದೈತ್ಯ ಆರ್ಮಡಿಲೊ ಹುತ್ತದ ಬುಡವನ್ನೇ ಸೀಳಿ ಒಳಗೆ ಇಳಿಯುತ್ತದೆ. ಬಾಲದ ಮೇಲೆ ಚಿಪ್ಪಿಲ್ಲದ ಇನ್ನೊಂದು ಬಗೆಯ ಆರ್ಮಡಿಲೊ ಬದುಕಿನ ಬಹುಪಾಲನ್ನು ಮಣ್ಣೊಳಗೇ ಕಳೆಯುತ್ತದೆ.

ಇದೇ ಏಮಾಸ್‌ನ ಒಂದು ಲೆಕ್ಕ ನನ್ನನ್ನು ಬಹಳ ಕಾಡುತ್ತದೆ. ಅಲ್ಲಿ ನಡೆದ ಅಧ್ಯಯನದ ಪ್ರಕಾರ ದೈತ್ಯ ಆರ್ಮಡಿಲೊಗಳು ನೂರು ಚದರ ಕಿಲೊಮೀಟರಿಗೆ ಮೂರು ನಾಲ್ಕು ಮಾತ್ರ. ಉದ್ಯಾನದ ವಿಸ್ತೀರ್ಣ ಸುಮಾರು 1,320 ಚದರ ಕಿಲೊಮೀಟರ್. ಗುಣಿಸಿ ನೋಡಿ, ಇಡೀ ಉದ್ಯಾನಕ್ಕೆ ನಲವತ್ತು ಐವತ್ತು ಪ್ರಾಣಿಗಳು. ಸುತ್ತಲೂ ಸೋಯಾ, ಮೆಕ್ಕೆಜೋಳದ ಹೊಲಗಳು. ಈ ಪ್ರಾಣಿಯ ಸಂತಾನವೃದ್ಧಿಯೋ ಬಹಳ ನಿಧಾನ. ಐದು ತಿಂಗಳ ಗರ್ಭ, ಒಂದು ಸಲಕ್ಕೆ ಒಂದೇ ಮರಿ. ಮರಿ ತಿಂಗಳುಗಟ್ಟಲೆ ತಾಯಿಯನ್ನೇ ನೆಚ್ಚಿಕೊಂಡಿರುತ್ತದೆ. ಒಂದು ಹೆಣ್ಣಿಗೆ ಸುಮಾರು ಮೂರು ವರ್ಷಕ್ಕೊಂದು ಮರಿ ಎಂಬುದು ಪಾಂಟನಾಲ್‌ನ ಕ್ಯಾಮೆರಾಗಳಿಂದ ತಿಳಿದುಬಂತು. ಒಂದು ಬೇಟೆ, ಒಂದು ಲಾರಿ, ಒಂದು ಬೆಂಕಿ ಐದಾರು ಪ್ರಾಣಿಗಳನ್ನು ಕೊಂದರೆ ಆ ನಷ್ಟ ತುಂಬಲು ದಶಕ ಬೇಕಾದೀತು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದನ್ನು ಅಪಾಯಕ್ಕೆ ಈಡಾಗಬಲ್ಲ ಜಾತಿ ಎಂದು ಗುರುತಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಸೆರಾಡೊದ ಮಟ್ಟಿಗೆ ಆ ಮಾತು ಮೃದುವಾಯಿತು.

ಏಕೆಂದರೆ ಸೆರಾಡೊದ ನೈಸರ್ಗಿಕ ಸಸ್ಯವರ್ಗದ ಅರ್ಧದಷ್ಟು ಈಗಾಗಲೇ ಹೋಗಿದೆ. ಅಲ್ಲಿಯ ಕೆಂಪು ಮಣ್ಣು ಆಮ್ಲೀಯ, ಅಲ್ಯೂಮಿನಿಯಂ ಹೆಚ್ಚು, ಬೇಸಾಯಕ್ಕೆ ಬಾರದು ಎಂದೇ ಎಣಿಸಿದ್ದರು. 1970ರ ದಶಕದಿಂದ ಸುಣ್ಣ ಬೆರೆಸಿ ಮಣ್ಣು ತಿದ್ದುವ ವಿಧಾನವೂ ಆ ಹವೆಗೆ ಒಗ್ಗುವ ಸೋಯಾ ತಳಿಗಳೂ ಬಂದ ಮೇಲೆ ಟ್ರ್ಯಾಕ್ಟರ್‌ಗಳು ನುಗ್ಗಿದವು. ಬ್ರೆಜಿಲ್‌ನ 2012ರ ಅರಣ್ಯ ಸಂಹಿತೆಯ ಪ್ರಕಾರ ಅಮೆಜಾನ್ ಕಾಡಿನ ಭೂಮಾಲೀಕ ತನ್ನ ಜಮೀನಿನ ಶೇ 80ನ್ನು ಕಾಡಾಗಿಯೇ ಬಿಡಬೇಕು. ಸೆರಾಡೊದ ಹೆಚ್ಚಿನ ಭಾಗದಲ್ಲಿ ಬಿಡಬೇಕಾದದ್ದು ಶೇ 20 ಮಾತ್ರ. ಎತ್ತರದ ಮರಗಳಿದ್ದರಷ್ಟೇ ಕಾಡು, ಹುಲ್ಲಿದ್ದರೆ ಬರಿ ಜಾಗ ಎಂಬ ಈ ಎಣಿಕೆ ನಮಗೂ ಪರಿಚಿತವೇ. ದಖ್ಖನಿನ ಹುಲ್ಲುಗಾವಲುಗಳು ನಮ್ಮ ಸರ್ಕಾರಿ ನಕಾಶೆಗಳಲ್ಲಿ ಬಂಜರು ಭೂಮಿಯಾಗಿಯೇ ದಾಖಲಾಗುತ್ತ ಬಂದಿವೆ. ಸಾವೊ ಫ್ರಾನ್ಸಿಸ್ಕೊದಂಥ ಮಹಾನದಿಗಳಿಗೆ ನೀರು ಊಡುವ ಸೆರಾಡೊವನ್ನು ಬರಿ ಜಾಗ ಎನ್ನುವುದು ಘೋರ ಅನ್ಯಾಯ.

ಮೂರು ಪಟ್ಟಿಯ ಬ್ರೆಜಿಲ್ ಆರ್ಮಡಿಲೊ, ಅಂದರೆ ತಾತು-ಬೋಲಾ, 2014ರ ಫುಟ್‌ಬಾಲ್ ವಿಶ್ವಕಪ್‌ನ ಲಾಂಛನವಾಗಿತ್ತು. ಅದು ಹೆಚ್ಚಾಗಿ ಈಶಾನ್ಯದ ಕುರುಚಲು ಕಾಡಿನ ಪ್ರಾಣಿ, ಸೆರಾಡೊದ ಕೆಲವು ಭಾಗಗಳಲ್ಲಿಯೂ ಇದೆ. ಒಂದು ಕಾಲಕ್ಕೆ ನಾಶವಾಗಿಯೇ ಹೋಯಿತೆಂದು ತಿಳಿದಿದ್ದ ಅದು ಮತ್ತೆ ಪತ್ತೆಯಾಯಿತು. ಅದು ಹೆಚ್ಚು ಅಗೆಯುವುದಿಲ್ಲ, ಅಪಾಯ ಬಂದರೆ ಇದ್ದಲ್ಲೇ ಚೆಂಡಾಗುತ್ತದೆ. ಸಣ್ಣ ಬೇಟೆಗಾರ ಪ್ರಾಣಿಗಳಿಗೆ ಈ ಉಪಾಯ ನಡೆಯುತ್ತದೆ. ಮನುಷ್ಯ ಮಾತ್ರ ಬಗ್ಗಿ ಎತ್ತಿಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಬಿಲ ಎಷ್ಟು ಮುಖ್ಯ ಎಂಬುದಕ್ಕೆ ಈ ಬಡಪಾಯಿಯೇ ಸಾಕ್ಷಿ.

ಕುಷ್ಠರೋಗದ ಮಾತು ಸುಳ್ಳಲ್ಲ, ಆದರೆ ಪೂರ್ತಿ ತಿಳಿದುಕೊಳ್ಳಬೇಕು. ಈ ಸಂಬಂಧ ಚೆನ್ನಾಗಿ ಅಧ್ಯಯನವಾಗಿರುವುದು ಒಂಬತ್ತು ಪಟ್ಟಿಯ ಆರ್ಮಡಿಲೊದಲ್ಲಿ. ಒಂದೇ ಭ್ರೂಣ ಒಡೆದು ಪ್ರತಿ ಸಲವೂ ತದ್ರೂಪಿ ನಾಲ್ಕು ಮರಿ ಹಾಕುವ ಅಚ್ಚರಿಯ ಪ್ರಾಣಿ ಅದು, ಸೆರಾಡೊದಲ್ಲೂ ಇದೆ. ಅದರ ದೇಹದ ತಾಪಮಾನ 32ರಿಂದ 35 ಡಿಗ್ರಿ. ಕುಷ್ಠದ ಬ್ಯಾಕ್ಟೀರಿಯಾಕ್ಕೆ ತಂಪು ಮೈ ಬೇಕು. ಆ ರೋಗಾಣುವನ್ನು ಅಮೆರಿಕಕ್ಕೆ ಒಯ್ದವರು ಸಮುದ್ರ ದಾಟಿ ಬಂದ ಮನುಷ್ಯರು, ಆರ್ಮಡಿಲೊಗಳಿಗೆ ತಗುಲಿದ್ದು ಆಮೇಲೆ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ರಾಜ್ಯಗಳಲ್ಲಿ ರೋಗಿಗಳಲ್ಲೂ ಆರ್ಮಡಿಲೊಗಳಲ್ಲೂ ಒಂದೇ ತಳಿಯ ರೋಗಾಣು ಇರುವುದು 2011ರಲ್ಲಿ ತಿಳಿಯಿತು. ಬ್ರೆಜಿಲ್‌ನ ಪಾರಾ ರಾಜ್ಯದಲ್ಲಿ ಪರೀಕ್ಷಿಸಿದ ಪ್ರಾಣಿಗಳ ಪೈಕಿ ಶೇ 62ರಲ್ಲಿ ರೋಗಾಣುವಿನ ಕುರುಹು ಸಿಕ್ಕಿದ್ದಾಗಿ 2018ರ ವರದಿ ಹೇಳುತ್ತದೆ. ಅಪಾಯ ಇರುವುದು ಬೇಟೆಯಾಡಿ, ಸುಲಿದು, ಮಾಂಸ ತಿನ್ನುವವರಿಗೆ. ರಸ್ತೆಬದಿಯಲ್ಲಿ ನಿಂತು ವಿಡಿಯೊ ತೆಗೆದವರಿಗೆ ಏನೂ ಆಗುವುದಿಲ್ಲ. ಯಾರಾದರೂ ಅದರ ಮಾಂಸದ ಅಡುಗೆಗೆ ಕರೆದರೆ ಮಗ ಹೋಗದಿರಲಿ. ಅಲ್ಲಿ ಕಾಡುಪ್ರಾಣಿಗಳ ಬೇಟೆ 1967ರಿಂದ ನಿಷಿದ್ಧ. ಕುಷ್ಠ ಈಗ ಔಷಧಿಯಿಂದ ಪೂರ್ತಿ ಗುಣವಾಗುವ ಕಾಯಿಲೆ, ಪ್ರಾಣಿಯನ್ನು ಕೊಲ್ಲಲು ಅದು ನೆಪವಾಗಬಾರದು.

ಬೆಳೆ ಹಾಳುಮಾಡುವ ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಆರು ಪಟ್ಟಿಯದು ಮೆಕ್ಕೆಜೋಳದ ಎಳೆಸಸಿಗಳನ್ನು ಕೆಲವೊಮ್ಮೆ ಕೆದಕುತ್ತದೆ. ಅದಕ್ಕಿಂತ ಗಂಭೀರವಾದ ತಕರಾರು ಮಾತೊ ಗ್ರೊಸೊ ದೊ ಸುಲ್ ರಾಜ್ಯದ ಜೇನು ಸಾಕಣೆದಾರರದು. ಸೆರಾಡೊ ಕರಗಿದಂತೆ ಉಳಿದ ಕಾಡುತುಂಡುಗಳಲ್ಲೇ ಜೇನುಪೆಟ್ಟಿಗೆಗಳೂ ದೈತ್ಯ ಆರ್ಮಡಿಲೊಗಳೂ ಇರಬೇಕಾಯಿತು. ರಾತ್ರಿ ಬಂದು ಪೆಟ್ಟಿಗೆ ಉರುಳಿಸಿ ಮರಿಹುಳುಗಳನ್ನು ತಿಂದುಹೋಗುವ ಪ್ರಾಣಿಯಿಂದ ಬಡ ಸಾಕಣೆದಾರನಿಗೆ ಆಗುವ ನಷ್ಟ ಸಣ್ಣದಲ್ಲ. ಡೆಬಿಯೆ ಅವರ ಸಂಸ್ಥೆ ಆ ಸಾಕಣೆದಾರರ ಜೊತೆ ಕುಳಿತು ಪೆಟ್ಟಿಗೆಗಳನ್ನು ಎತ್ತರಿಸುವ, ಗಟ್ಟಿ ಬೇಲಿ ಹಾಕುವ ದಾರಿಗಳನ್ನು ಕಂಡುಕೊಂಡಿತು. ಹಾಗೆ ಮಾಡಿದವರ ಜೇನಿಗೆ ಪ್ರಮಾಣಪತ್ರ ಸಿಗುತ್ತದೆ. ಕಾನೂನಿನ ಭಯಕ್ಕಿಂತ ಇಂಥ ಏರ್ಪಾಟು ಹೆಚ್ಚು ಬಾಳುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ನಿಮ್ಮ ಮಗನಿಗೆ ಎರಡು ಮಾತು. ಆರು ಪಟ್ಟಿಯ ಆರ್ಮಡಿಲೊ ಆ ಭಾಗದ ಹೆದ್ದಾರಿಗಳಲ್ಲಿ ವಾಹನಕ್ಕೆ ಸಿಕ್ಕಿ ಅತಿ ಹೆಚ್ಚು ಸಾಯುವ ಪ್ರಾಣಿಗಳಲ್ಲಿ ಒಂದು. ಹುಲ್ಲುಬಯಲು ಸೀಳಿ ಹೋಗುವ ರಸ್ತೆಗಳಲ್ಲಿ ವೇಗ ತಗ್ಗಿಸಲಿ, ಸಂಜೆಯಾದ ಮೇಲಂತೂ ಇನ್ನಷ್ಟು. ಎರಡನೆಯದಾಗಿ, ಬಯಲಿನಲ್ಲಿ ನಡೆಯುವಾಗ ಒಂದು ಮೊಳದಷ್ಟು ಅಗಲದ ಬಾಯಿಯ, ಮುಂದೆ ಹೊಸ ಮಣ್ಣಿನ ದೊಡ್ಡ ದಿಬ್ಬವಿರುವ ಬಿಲ ಕಂಡರೆ ಕೈ ಹಾಕಬಾರದು, ಕೋಲು ತೂರಬಾರದು. ಒಳಗೆ ತಾಯಿ, ಮರಿ ಇರಬಹುದು, ಹಾವೂ ಇರಬಹುದು. ದೂರದಿಂದಲೇ ಅಳತೆಗೆ ಏನಾದರೂ ವಸ್ತು ಇಟ್ಟು ಒಂದು ಫೋಟೊ, ಮಣ್ಣಿನ ಮೇಲೆ ಮೂಡಿದ ಹೆಜ್ಜೆಗುರುತಿನ ಇನ್ನೊಂದು ಫೋಟೊ ತೆಗೆದು ಕಳಿಸಿದರೆ ಅದು ಯಾವ ಆರ್ಮಡಿಲೊ ತೋಡಿದ್ದು ಎಂದು ನೋಡಿ ಬರೆಯುತ್ತೇನೆ.